ರಂಝಾನಿನಲ್ಲಿ ಅವ್ವಮ್ಮ ಕೆಂಪು ಉಗುಳಿದ್ದು

ವಿಟ್ಲದ ಅವ್ವಮ್ಮನ ಮೊಣಕಾಲು ಸಾಧಾರಣದ್ದಲ್ಲ. ಅವಳು ಕುಳಿತಲ್ಲಿಂದ ಎದ್ದರೆ ಆ ಸದ್ದಿಗೆ ಪುತ್ತೂರು ಬಸ್ಸಿನ ಡ್ರೈವರ್ ಗೇರ್ ಮುರಿಯಿತೆಂದು ಇಳಿದು ನೋಡುತ್ತಿದ್ದ. ನಲವತ್ತು ವರ್ಷ ಜಗಲಿಯಲ್ಲಿ ಕಾಲು ಮಡಚಿ ಬೀಡಿ ಕಟ್ಟಿದವಳು. ಅಷ್ಟೂ ಬೀಡಿಯನ್ನು ಸಾಲಾಗಿ ಇಟ್ಟರೆ ಚಾರ್ಮಾಡಿ ಘಾಟಿ ಹತ್ತಿ ಆಚೆ ಇಳಿಯುತ್ತಿತ್ತು. ಇದರಲ್ಲಿ ನಾನು ಸೇರಿಸಿದ್ದು ಇಳಿಯುವುದನ್ನು ಮಾತ್ರ.

ನೋವಿಗೆ ಮದ್ದು ಗಲ್ಫಿನ ದಮಾಮಿನಿಂದ ಬರುತ್ತಿತ್ತು. ಅಲ್ಲಿ ದುಡಿಯುವ ಮಗ ಶಮೀರ್ ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಅತ್ತರಿನ ಜತೆ ನೋವಿನ ಮಾತ್ರೆಯ ಡಬ್ಬಿಯೂ ಇರಬೇಕು. ಊರಿನ ಮಾತ್ರೆ ಸೊಂಟದ ಹತ್ತಿರ ದಾರಿ ತಪ್ಪುತ್ತದೆ, ಗಲ್ಫಿನದ್ದು ನೇರ ಮೊಣಕಾಲಿಗೇ ಇಳಿಯುತ್ತದೆ ಎಂಬುದು ಅವಳ ಅನುಭವ.

೨೦೦೨ರಲ್ಲಿ ಅವಳ ಹೃದಯದ ಒಂದು ಕವಾಟ ಬದಲಾಯಿಸಿದರು. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ರಕ್ತ ತೆಳು ಮಾಡುವ ಮಾತ್ರೆ, ದಿನವೂ, ಜೀವ ಇರುವವರೆಗೆ. ಕೇಳದೆ ನೋವಿನ ಮಾತ್ರೆ ನುಂಗಬೇಡಿ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಅದು ಇಲ್ಲಿಯ ಅಂಗಡಿ ಮಾತ್ರೆಗೆ ಹೇಳಿದ್ದು ಎಂದು ಅವ್ವಮ್ಮ ತೀರ್ಮಾನಿಸಿದಳು.

ಮರುವರ್ಷ ಅವಳ ಒಸಡಿನಲ್ಲಿ ರಕ್ತ ಜಿನುಗತೊಡಗಿದ್ದು ಯಾರಿಗೂ ಗೊತ್ತಾಗಲಿಲ್ಲ, ಅವಳಿಗೂ. ಬೆಳಗಿನಿಂದ ಎಲೆಅಡಿಕೆ ಜಗಿಯುವ ಬಾಯಿ ಕೆಂಪಾಗಿರದೆ ಹಸಿರಾಗಿರುತ್ತದೆಯೇ?

ರಂಝಾನ್ ಬಂತು. ಒಂದು ಮಧ್ಯಾಹ್ನ ಹೃದಯದ ಮಾತ್ರೆಗೆಂದು ಶೀನಪ್ಪನ ಮೆಡಿಕಲ್ಲಿಗೆ ಬಂದವಳು ಮೆಟ್ಟಿಲು ಹತ್ತುವ ಮೊದಲು ಚರಂಡಿಗೆ ಉಗುಳಿದಳು.

"ಏನು ಅವ್ವಮ್ಮ, ಉಪವಾಸಕ್ಕೆ ಇವತ್ತು ರಜೆಯಾ? ಎಲೆಅಡಿಕೆ ಜೋರುಂಟು," ಎಂದ ಶೀನಪ್ಪ.

ಅವಳು ನೋಡಿದ ನೋಟಕ್ಕೆ ಕಪಾಟಿನ ಸಿರಪ್ಪುಗಳೆಲ್ಲ ಕುದಿದವು. "ಬಾಯಿಗೆ ಒಂದು ಹನಿ ನೀರು ಸಹ ಹಾಕಲಿಲ್ಲ ನಾನು."

ಶೀನಪ್ಪನ ನಗು ನಿಂತಿತು. "ಹಾಗಾದರೆ ಆ ಕೆಂಪು ಎಲ್ಲಿಂದ ಬಂತು?"

ಇಬ್ಬರೂ ಚರಂಡಿ ನೋಡಿದರು. ಬೇರೆ ಏನು ನುಂಗುತ್ತೀರಿ ಎಂದು ಅವನು ಕೇಳಿದ್ದಕ್ಕೆ ಚೀಲದಿಂದ ದಮಾಮಿನ ಡಬ್ಬಿ ಹೊರಬಂತು. ಅವನು ಹೆಸರು ಓದಿದ. ಇದು ಹೊಟ್ಟೆಯನ್ನು ಹುಣ್ಣು ಮಾಡುವ ಜಾತಿ, ರಕ್ತ ತೆಳುವಾದವರಿಗೆ ಒಳಗೊಳಗೇ ಸುರಿಸಿಬಿಡುತ್ತದೆ ಎಂದ. ಅವ್ವಮ್ಮ ಉಪಾಯ ಹುಡುಕಿದಳು: ಹೃದಯದ್ದನ್ನೇ ಬಿಡುವುದು. ಹೃದಯವೇನು ನೋಯುವುದಿಲ್ಲವಲ್ಲ.

"ಅದನ್ನು ಬಿಟ್ಟರೆ ಕವಾಟದಲ್ಲಿ ರಕ್ತ ಗಟ್ಟಿಯಾಗ್ತದೆ, ಜೀವ ಹೋಗ್ತದೆ. ಬಿಡಬೇಕಾದ್ದು ಈ ಡಬ್ಬಿಯನ್ನು. ಈಗಲೇ ಡಾಕ್ಟರಲ್ಲಿಗೆ ಹೋಗುವ."

ತನ್ನ ಮದುವೆಯ ದಿನವೂ ಅಂಗಡಿ ಮುಚ್ಚದಿದ್ದ ಶೀನಪ್ಪ ಅಂದು ಬಾಗಿಲು ಎಳೆದ.

ಹೊಟ್ಟೆಯೊಳಗೂ ರಕ್ತ ಒಸರಲು ಸುರುವಾಗಿತ್ತು. ಐದು ದಿನ ಆಸ್ಪತ್ರೆ. ಬಿಡುವಾಗ ಡಾಕ್ಟರು ಮೊಣಕಾಲಿಗೆ ಪ್ಯಾರಾಸಿಟಮಾಲ್ ಬರೆದರು, ದಿನಕ್ಕೆ ಇಷ್ಟೇ, ಮೇಲೆ ಒಂದೂ ಬೇಡ. ಅದನ್ನು ನುಂಗುವುದನ್ನೂ, ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಪರೀಕ್ಷೆಗೆ ಬಂದಾಗ ಹೇಳಬೇಕು.

ತಪ್ಪಿಹೋದ ಉಪವಾಸಗಳನ್ನು ಅವ್ವಮ್ಮ ಡಾಕ್ಟರನ್ನು ಕೇಳಿಯೇ ಆಮೇಲೆ ಹಿಡಿದಳು. ಜೀವ ಉಳಿಸಿದ ಶೀನಪ್ಪನಿಗೆ ದಿನಾ ದುವಾ ಮಾಡುತ್ತಾಳೆ. ಉಪವಾಸ ಮುರಿದಳೆಂದು ಸಂಶಯಪಟ್ಟದ್ದಕ್ಕೆ ಮಾತ್ರ, ಅಂಗಡಿಗೆ ಬಂದಾಗಲೆಲ್ಲ ಈಗಲೂ ಬೈಯುತ್ತಾಳೆ.