ಅಣ್ಣನ ಮುಂದೆ ಎಲೆ ಬಿಚ್ಚಬಾರದು

ನನ್ನ ಕೈ ಬಾಯಿಗಿಂತ ಮುಂದೆ. ಈಗ ಇದನ್ನು ನಾಚಿಕೆಯಿಂದ ಹೇಳುತ್ತೇನೆ; ಆಗ ಮೀಸೆ ತಿರುವಿ ಹೇಳುತ್ತಿದ್ದೆ. ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ನನ್ನಿಂದ ಏಟು ತಿನ್ನದವಳೆಂದರೆ ನಮ್ಮವ್ವ ಒಬ್ಬಳೇ. ಮಗ್ಗಕ್ಕೂ ಒದ್ದಿದ್ದೇನೆ. ಉಳಿದ ಏಟುಗಳಲ್ಲಿ ಮುಕ್ಕಾಲು ಪಾಲು ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮನಿಗೆ ಬಿದ್ದವು.

ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು. ಅವತ್ತು ಮಗ್ಗದ ಕೋಣೆಯಲ್ಲೇ ಚಾಪೆ ಹಾಸಿ ಮೂರೆಲೆ ಆಡುತ್ತಿದ್ದೆವು. ಒಬ್ಬೊಬ್ಬರಿಗೆ ಮೂರು ಎಲೆ, ಕೊನೆಗೆ ಇಬ್ಬರು ಉಳಿದಾಗ ಎಲೆ ಬಿಚ್ಚಿ ತೋರಿಸಬೇಕು, ದೊಡ್ಡದು ಇದ್ದವನು ಗೆದ್ದ. ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಉಳಿದ ಇಬ್ಬರು ಅಣ್ಣತಮ್ಮಂದಿರಾದರೆ ಬಿಚ್ಚುವಂತಿಲ್ಲ. ತಮ್ಮನಾದವನು ತನ್ನ ಎಲೆಗಳನ್ನು ಮಗುಚಿ ನಡುವೆ ಎಸೆದು "ನಿಂದೇ ಅಣ್ಣಾ" ಅನ್ನಬೇಕು. ಅಣ್ಣನಿಗೆ ತಮ್ಮನಿಂದ ಸೋಲಾಗಬಾರದು ಎಂಬ ಮರ್ಯಾದೆ.

ಹನ್ನೆರಡು ವರ್ಷದವನಿದ್ದಾಗ ತಮ್ಮ ಒಮ್ಮೆ ಇದನ್ನು ಮರೆತ. ಮೂರೂ ರಾಣಿಗಳೇ ಬಂದ ಖುಷಿಗೆ ಬಿಚ್ಚಿ ಹಾಕಿ ಕೇಕೆ ಹಾಕಿ ನಕ್ಕ. ನಾನು ಪಕ್ಕದಲ್ಲಿದ್ದ ಲಾಳಿ ತೆಗೆದು ಬೀಸಿದೆ. ಲಾಳಿಯ ಎರಡೂ ತುದಿಗೆ ಲೋಹದ ಮೊನೆ ಇರುತ್ತದೆ. ಅದು ಅವನ ಹುಬ್ಬು ಸೀಳಿತು, ರಕ್ತ ಮಗ್ಗದ ಮೇಲಿದ್ದ ಸೀರೆಗೆ ಸಿಡಿಯಿತು. ಅಪ್ಪ ಸೀರೆ ಕೆಡಿಸಿದ್ದಕ್ಕೆ ನನ್ನನ್ನು ಬೈದ. ಹುಬ್ಬು ಹಿಡಿದುಕೊಂಡು ಅಳುತ್ತಿದ್ದವನಿಗೆ, "ಅಣ್ಣನ ಮುಂದ ಎಲಿ ಬಿಚ್ಚಬಾರದು ಅಂತ ನಿನಗ ಎಷ್ಟು ಸಲ ಹೇಳಬೇಕಲೇ?" ಎಂದ. ನನಗೆ ಅದು ಸರಿಯಾದ ನ್ಯಾಯವೆಂದೇ ಕಂಡಿತು.

ಮುಂದೆ ನಾನು ಆಟಗಾರನೆಂದು ಹೆಸರಾದೆ. ಮಕ್ತಲದಲ್ಲಿ ಗೆದ್ದೆ, ಗದ್ವಾಲದಲ್ಲಿ ಗೆದ್ದೆ. ಸೋತಾಗ ಜಗಳ ತೆಗೆದು ಚಾಪೆ ಎಳೆದೆ. ತೆಲಂಗಾಣ ಬೇಕೆಂದು ಬಸ್ಸಿಗೆ ಕಲ್ಲು ಹೊಡೆದವರಲ್ಲಿ ನಾನೂ ಒಬ್ಬ. ರಾಜ್ಯ ಬಂದ ದಿನ ಮಕ್ತಲದಲ್ಲಿ ಗುಲಾಲು ಎರಚಾಡುವಾಗ ಕಣ್ಣಿಗೆ ಬಿತ್ತೆಂದು ನಮ್ಮ ಪೈಕಿಯವನದೇ ಹಲ್ಲು ಉದುರಿಸಿದೆ. ಆಮೇಲೆ ಹೊಸ ಸರ್ಕಾರದ ಆಜ್ಞೆಗೆ ಇಸ್ಪೀಟಿನ ಕ್ಲಬ್ಬುಗಳ ಬಾಗಿಲು ಬಿದ್ದವು. ಕೈ ಕಡಿಯುತ್ತಿತ್ತು, ಆಡಲು ಜಾಗವಿಲ್ಲ. ಆಗ ನಮ್ಮ ಸೀರೆ ಕೊಳ್ಳುವ ಗದ್ವಾಲದ ಸೇಟು ಗೋವಾದ ಸುದ್ದಿ ತೆಗೆದ. ಅಲ್ಲಿ ನದಿಯ ಮೇಲೆ ಹಡಗಿನಲ್ಲೇ ಕ್ಯಾಸಿನೋ, ಅದರಲ್ಲಿ ಎರಡು ದಿನದ ಪೋಕರ್ ಟೂರ್ನಮೆಂಟ್.

ಅವನೇ ತನ್ನ ಅಂಗಡಿಯ ಗಾದಿಯ ಮೇಲೆ ಕೂರಿಸಿ ನನಗೂ ತಮ್ಮನಿಗೂ ಪೋಕರ್ ಕಲಿಸಿದ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಎಲ್ಲರಿಗೂ ಮೊದಲು ಹಣದ ಬದಲಿಗೆ ಒಂದೇ ಸಮ ಬಿಲ್ಲೆ ಕೊಡುತ್ತಾರೆ. ಬಿಲ್ಲೆ ಮುಗಿದವನು ಎದ್ದು ಹೋಗಬೇಕು, ಕೊನೆಗೆ ಉಳಿದವನಿಗೆ ಬಹುಮಾನವಾಗಿ ಮೊಳದೆತ್ತರದ ಕಪ್. ಆ ಕಪ್ ಹಿಡಿದು ನಾರಾಯಣಪೇಟೆಯ ಚೌಕದಲ್ಲಿ ಮೆರೆಯಬೇಕು, ಈ ಸೀಮೆಗೆಲ್ಲ ನಾನೇ ಆಟಗಾರ ಅನ್ನಿಸಿಕೊಳ್ಳಬೇಕು ಎಂದು ನನಗೆ ಹಟ ಹಿಡಿಯಿತು.

ಸೇಟುವೂ ಸೇರಿ ಮೂವರು ರಾಯಚೂರಿಂದ ಬಸ್ಸು ಹತ್ತಿದೆವು. ಹುಬ್ಬಳ್ಳಿ ಮುಟ್ಟುವುದರೊಳಗೆ ಕಿಟಕಿ ಸೀಟಿಗಾಗಿ ಒಬ್ಬನ ಕೊರಳಪಟ್ಟಿ ಹಿಡಿದೆ. ತಮ್ಮ ನಡುವೆ ಬಂದು ಅವನಿಗೆ ಕೈಮುಗಿದ. ಅವನ ಪಾಲಿನ ಕೆಲಸ ಯಾವಾಗಲೂ ಅದೇ.

ಹಡಗಿನಲ್ಲಿ ಮೊದಲ ದಿನ ತಮ್ಮನನ್ನು ಬೇರೆ ಮೇಜಿಗೆ ಹಾಕಿದರು. ಬಿಡುವಿನಲ್ಲಿ ಇಣುಕಿದರೆ ಅವನ ಮುಂದೆ ಬಿಲ್ಲೆಗಳ ಗುಡ್ಡೆ. ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಮನೆಯಲ್ಲಿ ಅವನು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಎಲ್ಲ ನನ್ನ ತಾಲೀಮು ಎಂದು ಸೇಟುವಿನ ಹತ್ತಿರ ಕೊಚ್ಚಿಕೊಂಡೆ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಒಂದೇ ಮೇಜು ಉಳಿಯಿತು. ಒಂಬತ್ತು ಜನ, ಅದರಲ್ಲಿ ನಾವಿಬ್ಬರು. ನನಗೆ ಎರಡು ರಾಜ ಬಂದವು. ಟೋಪಿ ಹಾಕಿದ್ದ ಉತ್ತರದ ಕಡೆಯ ದಢೂತಿಯೊಬ್ಬ ಪಣ ಏರಿಸಿದ. ತಮ್ಮ ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ನೂಕಿದ. ನನ್ನ ಕಣ್ಣಿಗೆ ರಾಜರ ಹೊರತು ಯಾರೂ ಕಾಣಲಿಲ್ಲ. ನಾನೂ ಎಲ್ಲ ನೂಕಿದೆ. ಟೋಪಿಯವನು ಎಲೆ ಬಿಟ್ಟುಕೊಟ್ಟ. ಬೇರೆಯವರೂ ಬಿಟ್ಟಾಗಿತ್ತು; ಆ ಸುತ್ತಿನಲ್ಲಿ ಉಳಿದದ್ದು ನಾನು ಮತ್ತು ನನ್ನ ತಮ್ಮ.

ಎಲ್ಲ ಬಿಲ್ಲೆ ಪಣಕ್ಕಿಟ್ಟ ಮೇಲೆ ಎಲೆ ಬಿಚ್ಚಲೇಬೇಕು ಎಂಬುದು ಅಲ್ಲಿಯ ಕಾನೂನು. ನಡುವಿನ ಐದು ಎಲೆ ಬೀಳುವ ಮೊದಲೇ ನಾನು ನನ್ನ ರಾಜರನ್ನು ಬಿಚ್ಚಿದೆ. ತಮ್ಮ ನನ್ನ ಮುಖ ನೋಡಿದ. ನೆಟ್ಟಗಿದ್ದ ಬೆನ್ನು ಬಾಗಿತು. ಎಲೆಗಳನ್ನು ಮಗುಚಿಯೇ ನಡುವೆ ಎಸೆದು, "ನಿಂದೇ ಅಣ್ಣಾ" ಎಂದ.

"ಇಬ್ಬರೂ ಶಾಮೀಲು!" ಎಂದು ಟೋಪಿಯವನು ಹಿಂದಿಯಲ್ಲಿ ಕೂಗಿ ಎದ್ದ. ಎಲೆ ಹಂಚುವ ಹುಡುಗಿ ಕೈ ಎತ್ತಿದಳು, ಮ್ಯಾನೇಜರ್ ಬಂದ. ಎಸೆದ ಎರಡು ಎಲೆಗಳನ್ನು ಅವನೇ ತಿರುಗಿಸಿ ಇಟ್ಟ. ಎರಡೂ ಎಕ್ಕಾ. ಪೋಕರಿನಲ್ಲಿ ಅದಕ್ಕಿಂತ ದೊಡ್ಡ ಜೋಡಿಯಿಲ್ಲ.

ಅಣ್ಣನಿಗೆ ಬೇಕೆಂದೇ ಬಿಟ್ಟುಕೊಟ್ಟಿದ್ದಾನೆ, ಇದು ಮೋಸ, ಇಬ್ಬರೂ ಹೊರಗೆ ಎಂದ ಮ್ಯಾನೇಜರ್. ತಮ್ಮ ತನಗೆ ಬರುವ ಅರೆಬರೆ ಹಿಂದಿಯಲ್ಲಿ ನಮ್ಮ ಮನೆಯ ಪದ್ಧತಿ ವಿವರಿಸತೊಡಗಿದ. ಜನ ನಕ್ಕರು. ಮೊದಲ ಏಟು ತಮ್ಮನಿಗೇ ಕೊಟ್ಟೆ, ಕುರ್ಚಿ ಸಮೇತ ಬಿದ್ದ. ಎರಡನೆಯದು ಟೋಪಿಯವನ ಮೂಗಿಗೆ. ಮೂರನೆಯದು ಎತ್ತುವಷ್ಟರಲ್ಲಿ ನಾಲ್ವರು ಕಾವಲಿನವರು ನನ್ನನ್ನು ಅವುಚಿ ಹಿಡಿದು, ರತ್ನಗಂಬಳಿ ಮೇಲೆ ದರದರ ಎಳೆದು, ಮೆಟ್ಟಿಲ ಹತ್ತಿರ ಹೊಟ್ಟೆಗೆ ಗುದ್ದಿ, ದಡಕ್ಕೆ ಹೋಗುವ ದೋಣಿಗೆ ಮೂಟೆಯಂತೆ ಎಸೆದರು. ತಮ್ಮ ತಾನಾಗಿಯೇ ಬಂದು ಪಕ್ಕದಲ್ಲಿ ಕೂತು, ಕರವಸ್ತ್ರ ನೀರಲ್ಲಿ ಅದ್ದಿ ನನ್ನ ಮುಖ ಒರೆಸಿದ.

ಲಾಡ್ಜಿಗೆ ಬಂದಾಗ ಇನ್ನೂ ಬಿಸಿಲಿತ್ತು. ಸೇಟುವನ್ನು ಹೊರಗೆ ಹಾಕಿ ಕೋಣೆಗೆ ಚಿಲಕ ಹಾಕಿದೆ.

"ಮನ್ಯಾಗೂ ಹಿಂಗೇ ಒಗೀತಿದ್ದೇನು? ದೊಡ್ಡ ಎಲಿ ಇದ್ದಾಗೂ?"

"ಹೂನಣ್ಣ."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ."

ಪದ್ಧತಿಗೆಂದು ಎಸೆಯುತ್ತಾನೆ, ಹೇಗೂ ಸೋಲುವ ಎಲೆಗಳೇ ಎಂದು ಇಷ್ಟು ವರ್ಷ ನಂಬಿದ್ದೆ. ಒಂದು ಸಲವಾದರೂ ತಿರುಗಿಸಿ ನೋಡಿರಲಿಲ್ಲ. ಇನ್ನು ಮಕ್ತಲದವರು, ಗದ್ವಾಲದವರು ನನ್ನ ಆಟಕ್ಕೆ ಸೋತರೋ, ಏಟಿಗೆ ಹೆದರಿ ಸೋತರೋ? ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರೆ. ಆ ಗೌಡ ನಾನೇ ಆಗಿದ್ದೆ. ಹೊಟ್ಟೆಯ ಗುದ್ದಿಗಿಂತ ಅದು ಹೆಚ್ಚು ಉರಿಯಿತು.

ಚೀಲದಿಂದ ಇಸ್ಪೀಟು ತೆಗೆದು ಮಂಚದ ಮೇಲೆ ಮೂರು ಮೂರು ಹಂಚಿದೆ. "ಆಡು. ಪದ್ಧತಿ ಗಿದ್ಧತಿ ಏನಿಲ್ಲ. ಎಲಿ ಬಿಚ್ಚಬೇಕು."

ಅವನು ನೋಡಿದ, ಮಗುಚಿ ಎಸೆದ. ತಿರುಗಿಸಿದರೆ ಏಳು, ಎಂಟು, ಒಂಬತ್ತು. ನನ್ನ ಬರೀ ರಾಜನನ್ನು ಸುಲಭವಾಗಿ ಹೊಡೆಯುವ ಸಾಲು. ಕೆನ್ನೆಗೆ ಬಾರಿಸಿದೆ. ಮತ್ತೆ ಹಂಚಿದೆ. ಮತ್ತೆ ಎಸೆದ, ಜೋಡಿ ಗುಲಾಮ. ಈ ಸಲ ತುಟಿ ಒಡೆಯಿತು, ಹಾಸಿಗೆಯ ಮೇಲೆ ಹನಿ ಬಿತ್ತು. ನನ್ನನ್ನು ಗೆಲ್ಲು ಎಂದು ತಮ್ಮನನ್ನು ಹೊಡೆಯುತ್ತಿದ್ದೇನೆ ಎಂಬ ಅರಿವು ಆಗ ನನಗಿರಲಿಲ್ಲ. "ಏಂದಯ್ಯಾ, ವಾನ್ನಿ ಸಂಪುತವಾ ಏಂದಿ?" ಅವನನ್ನು ಕೊಂದೇಬಿಡುತ್ತೀಯಾ ಎಂದು ಸೇಟು ತನ್ನ ತೆಲುಗಿನಲ್ಲಿ ಕೂಗುತ್ತ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದ.

ಮೂರನೆಯ ಸಲ ಹಂಚಿ, "ಬಿಚ್ಚಲೇ" ಎಂದು ಚೀರಿದೆ.

ಅವನು ತೋಳಿನಿಂದ ತುಟಿ ಒರೆಸಿಕೊಂಡ. ಒಂದೊಂದಾಗಿ ಬಿಚ್ಚಿ ಇಟ್ಟ: ಎರಡು, ಎರಡು, ಒಂಬತ್ತು. ನನ್ನಲ್ಲಿ ಜೋಡಿಯೂ ಇರಲಿಲ್ಲ. ಹನ್ನೆರಡನೆಯ ವಯಸ್ಸಿನ ನಂತರ ಅವನು ನನ್ನನ್ನು ಗೆದ್ದದ್ದು ಅದೇ ಮೊದಲು. ಈಗ ಅವನಿಗೆ ಇಬ್ಬರು ಮಕ್ಕಳು. ನನಗೆ ನಗು ಬಂತು, ಅಳುವೂ ಬಂತು, ಎದ್ದು ತಬ್ಬಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಅವನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ನನ್ನ ಕಡೆ ಚಾಚಿ ಕೂತಿದ್ದ.

"ಏ, ಇಲ್ಲಲೇ," ಎಂದೆ. "ನೀನು ಗೆದ್ದಿ."

ಕಣ್ಣು ತೆರೆಯಲಿಲ್ಲ.

"ಲಗೂನ ಹೊಡದು ಮುಗಸಣ್ಣ," ಎಂದ.