ಅತ್ತೆಯ ಎತ್ತರದ ಕುದುರೆ

ಹುರುಳಿ ಬೇಯುವ ವಾಸನೆ ಬಂದರೆ ಬೇರೆಯವರಿಗೆ ಸಾರು ನೆನಪಾಗುತ್ತದೆ, ನನಗೆ ಕುದುರೆ. ಮರಳವಾಡಿ ಹತ್ತಿರದ ನಮ್ಮ ಮನೆಯಲ್ಲಿ ಬೆಳಗ್ಗೆ ಒಲೆಯ ಮೇಲೆ ಮೊದಲು ಕೂರುತ್ತಿದ್ದದ್ದು ಅತ್ತೆಯ ಕುದುರೆಗೆ ಹುರುಳಿ ಬೇಯಿಸುವ ಮಡಕೆ. ನಮ್ಮ ರಾಗಿ ಹಿಟ್ಟಿನ ಎಸರು ಆಮೇಲೆ. ಅತ್ತೆ ಎಂದರೆ ಅಪ್ಪನ ಅಕ್ಕ, ಚಿಕ್ಕತಾಯಮ್ಮ. ಕನಕಪುರದ ಕಡೆ ಗಂಡನ ಮನೆಯಲ್ಲಿ ಆರು ವರ್ಷ ಬಾಳಿ, ಒಂದು ದಿನ ಯಾರನ್ನೂ ಕೇಳದೆ ತವರಿಗೆ ಬಂದವಳು. ಅವಳಿಗೆ ಕುದುರೆ ಎಂದರೆ ಪ್ರಾಣ, ಅದೂ ಎತ್ತರದ್ದೇ ಆಗಬೇಕು. ಜಟಕಾಕ್ಕೆ ಕಟ್ಟುವ ತಟ್ಟುಗಳನ್ನು ಕಂಡರೆ "ಇವು ಕತ್ತೆ ಮನೆ ನೆಂಟ್ರು" ಎಂದು ಮುಖ ತಿರುಗಿಸುತ್ತಿದ್ದಳು. ಅಳತೆ ಮೀರಿ ಬೆಳೆದು ಓಟಕ್ಕೆ ಒದಗದ ಕಂದು ಕುದುರೆಯೊಂದು ರೇಸ್ ಕುದುರೆಗಳ ಯಾವುದೋ ಫಾರಂನಲ್ಲಿದೆ ಎಂದು ಕೇಳಿ, ತಾನೇ ಹೋಗಿ ಅದನ್ನು ನಡೆಸಿಕೊಂಡು ಬಂದಳು. ಅಪ್ಪ ಕುಳ್ಳನಲ್ಲ, ಆದರೂ ಅದರ ಹೆಗಲು ಅವನ ನೆತ್ತಿಗೆ ಸಮನಾಗಿತ್ತು. ಕೊಟ್ಟಿಗೆಯ ಬಾಗಿಲಿಗೆ ಅದರ ತಲೆ ತಗುಲಿದಾಗ "ಒಸಿ ಗಿಡ್ಡಂದು ಸಿಗ್ನಿಲ್ವಾ?" ಎಂದು ಕೇಳಿದ. ಮಾರನೆಯ ದಿನ ಅತ್ತೆ ಗಾರೆಯವನನ್ನು ಕರೆಸಿ ಬಾಗಿಲ ಮೇಲಿನ ಗೋಡೆ ಒಡೆಸಿದಳು. ಕುದುರೆಗೆ ದೊರೆ ಎಂದು ಹೆಸರಿಟ್ಟಳು.

ದಿನವೂ ದೊರೆಯ ಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ಹೊಲಕ್ಕೆ ಹೋಗಿ, ಅಲ್ಲಿಂದ ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದಳು. ಅದರ ಕತ್ತಿನ ಬಿಸಿ, ಬೆವರಿನ ಹುಳಿ ವಾಸನೆ, ನನ್ನ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಒರಟು ಜೂಲು ಇಂದಿಗೂ ಅಂಗೈಯಲ್ಲಿವೆ. ಅಷ್ಟು ಮೇಲಿಂದ ಬೇಲಿಗಳಾಚೆ ಹಿಪ್ಪುನೇರಳೆ ತೋಟಗಳು, ಬಂಡೆಗಳು, ಅವುಗಳ ಹಿಂದೆ ಮಣ್ಣು ಬಗೆಯುತ್ತಿದ್ದ ಹಳದಿ ಯಂತ್ರಗಳೂ ಕಾಣುತ್ತಿದ್ದವು. ಆಗ ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದೇ ನಮ್ಮತ್ತ ಬರುತ್ತಿದ್ದ ಕಾಲ. ಒಂದು ಕಂಪನಿ ನಮ್ಮ ಹೊಲದ ದಾರಿಯ ಪಕ್ಕದಲ್ಲೇ ಗೇಟು ಇಟ್ಟಿತು. ಲಾರಿಗಳು ದಾರಿಗೆ ನುಗ್ಗಬಾರದೆಂದು ಅದರ ಬಾಯಿಗೆ ಎರಡು ಕಂಬ ನೆಟ್ಟು ಮೇಲೊಂದು ಕಬ್ಬಿಣದ ತೊಲೆ ಬೆಸೆದರು. ಹಸು ಹೋಗುತ್ತಿತ್ತು, ಸ್ಕೂಟರ್ ಹೋಗುತ್ತಿತ್ತು. ದೊರೆಯ ಮೇಲೆ ಕೂತ ಅತ್ತೆಯ ಎದೆಗೆ ತೊಲೆ ಅಡ್ಡ ಬಂತು.

ಗುಡೇಮಾರನಹಳ್ಳಿಯಿಂದ ಕೆಲಸಕ್ಕೆ ಬಂದಿದ್ದ ವಾಚ್‌ಮನ್ ಕೈಮುಗಿದ. "ಅಮ್ಮ, ಒಸಿ ಇಳ್ದು ನಡುಸ್ಕಂಡು ಓಗಿ. ಎಲ್ಲಾರೂ ಅಂಗೇ ಓಯ್ತಾವ್ರೆ."

"ನಮ್ಮ ದಾರಿ ಕಣಪ್ಪ ಇದು. ನಾನು ಇಳ್ಯಾಕಿಲ್ಲ" ಎಂದು ಅತ್ತೆ ಕುದುರೆಯನ್ನು ತಿರುಗಿಸಿ ಅಲ್ಲೇ ನಿಲ್ಲಿಸಿದಳು. ಅದು ನಿಂತಿದ್ದು ಕಂಪನಿ ಬಸ್ಸು ಒಳಗೆ ತಿರುಗುವ ಜಾಗ. ಬಸ್ಸು ಹಾರ್ನ್ ಹೊಡೆಯಿತು. ದೊರೆ ಕಿವಿ ಮಾತ್ರ ಆಡಿಸಿದ. ಬಸ್ಸಿನ ಕಿಟಕಿಗಳಲ್ಲಿ ಸುತ್ತಲ ಹಳ್ಳಿಗಳ ಹುಡುಗಿಯರ ಮುಖಗಳು. ನನಗೆ ನಾಚಿಕೆಯಿಂದ ಅಳು ಬಂತು. ಆ ದಿನ ಇಳಿದು ಸ್ಕೂಲಿಗೆ ನಡೆದುಹೋದೆ. ಮರುದಿನವೂ ಅತ್ತೆ ಅಲ್ಲೇ ಕುದುರೆ ನಿಲ್ಲಿಸಿದಳು, ನಾನೂ ಹಾಗೇ ಮಾಡಿದೆ. ಅತ್ತೆ ತಡೆಯಲಿಲ್ಲ, ಬೈಯಲಿಲ್ಲ. ಮೂರನೆಯ ದಿನ ಹಿಂತಿರುಗಿ ನೋಡಿದಾಗ, ಅಷ್ಟು ದೊಡ್ಡ ಕುದುರೆಯ ಮೇಲೆ ಅವಳು ಎಷ್ಟು ಸಣ್ಣ ಹೆಂಗಸು ಎಂದು ಮೊದಲ ಸಲ ಹೊಳೆಯಿತು. ಓಡಿಬಂದೆ. ಅವಳು ಬಗ್ಗಿ ನನ್ನ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡಳು.

ಅಂದೂ ಒಳಗೆ ತಿರುಗಲಾಗದೆ ನಿಂತ ಬಸ್ಸಿನಿಂದ ಹುಡುಗಿಯರು ಇಳಿದು ಗೇಟಿನತ್ತ ನಡೆದರು. ಹೋಗುವಾಗ ಒಬ್ಬೊಬ್ಬರೂ ದೊರೆಯ ಕತ್ತು ಮುಟ್ಟಿ ಹೋದರು. ಕಡೆಗೆ ಮ್ಯಾನೇಜರ್ ಹೊರಗೆ ಬಂದು, ಇನ್ನೊಂದು ಗಿಡ್ಡ ಕುದುರೆ ಬೇಕಾದರೆ ಕಂಪನಿಯೇ ಕೊಡಿಸುತ್ತದೆ ಎಂದ. ಅತ್ತೆ ನಕ್ಕಳು.

"ಸ್ವಾಮಿ, ಕಬ್ಬಿಣ ಎತ್ತರುಸ್ಬೋದು. ಕುದ್ರೆ ಇನ್ನು ಗಿಡ್ಡ ಆಗಾಕಿಲ್ಲ."

ಆ ಸಂಜೆ ವೆಲ್ಡಿಂಗಿನವನು ಬಂದು ತೊಲೆ ಕಿತ್ತು ಎತ್ತರಕ್ಕೆ ಬೆಸೆದ. ಮಾರನೆಯ ಬೆಳಗ್ಗೆ ನಾವಿಬ್ಬರೂ ಬೆನ್ನು ನೆಟ್ಟಗೆ ಮಾಡಿ ಅದರಡಿ ಹೋದೆವು. ವಾಚ್‌ಮನ್ ಸೆಲ್ಯೂಟ್ ಹೊಡೆದ. ಅದರಲ್ಲಿ ತಮಾಷೆ ಇರಲಿಲ್ಲ.

ಗೆದ್ದೆವು ಎಂದುಕೊಂಡೆವು. ಎರಡು ವರ್ಷ ಕಳೆಯುವುದರೊಳಗೆ ಹೊಲಕ್ಕೇ ಭೂಸ್ವಾಧೀನದ ನೋಟೀಸು ಬಂತು, ಹೊಲವೂ ಹೋಯಿತು. ಅದನ್ನು ಮಟ್ಟ ಮಾಡುತ್ತಿದ್ದ ವಾರದಲ್ಲೇ ದೊರೆ ಹೊಟ್ಟೆ ನೋವಿನಿಂದ ಸತ್ತ. ಊರಾಚೆ ಎಸೆಯೋಣವೆಂದ ಅಪ್ಪ. ಅತ್ತೆ ಸೀದಾ ಹೊಲಕ್ಕೆ ನಡೆದು ಜೆಸಿಬಿಯ ಮುಂದೆ ನಿಂತಳು. ಡ್ರೈವರ್ ಅವಳ ಮುಖ ನೋಡಿ, ಯಾರ ಅಪ್ಪಣೆಗೂ ಕಾಯದೆ ಗುಂಡಿ ತೆಗೆದ. ಸಾಕೇ ಎಂದು ಕೇಳಿದ.

"ಇನ್ನೂ ಒಸಿ ಉದ್ದ ತೋಡಪ್ಪ" ಎಂದಳು ಅತ್ತೆ. "ಅವನ ಕಾಲು ಮಡುಸ್ಬ್ಯಾಡ."

ಅವನು ಮತ್ತೆ ತೋಡಿದ.

ಅತ್ತೆಯೂ ಹೋಗಿ ವರ್ಷಗಳಾದವು. ಆ ಜಾಗಕ್ಕೆ ಸಿಮೆಂಟು ಹಾಸಿದ್ದಾರೆ. ಲಾರಿಗಳು ಸಾಲಾಗಿ ನಿಲ್ಲುತ್ತವೆ. ಈಗ ಅದು ಯಾರ ಜಾಗವೆಂದು ಕೇಳಿದರೆ ಕಾಗದ ತೋರಿಸುತ್ತಾರೆ. ತೋರಿಸಲಿ. ಅದರ ಕೆಳಗೆ ದೊರೆ ಕಾಲು ಚಾಚಿ ಮಲಗಿದ್ದಾನೆ.