ಮುಸುರೆ ಅಜ್ಜ

ಅವರ ಬಲಗೈ ಮೊಣಕೈವರೆಗೂ ಯಾವಾಗಲೂ ಜಿಡ್ಡಿನಿಂದ ಹೊಳೆಯುತ್ತಿತ್ತು. ಉಗುರುಗಳ ಸಂದಿಯಲ್ಲಿ ಹಳದಿ ಪಸೆ, ರೋಮಗಳಿಗೆ ಅಂಟಿ ಒಣಗಿದ ಅನ್ನದ ಅಗುಳು. ಮಧ್ಯಾಹ್ನ ಮೂರೂವರೆಗೆ, ದಾವಣಗೆರೆಯ ನಮ್ಮ ಖಾನಾವಳಿಯ ಹಿಂದಿನ ಓಣಿಯಲ್ಲಿ ಅವರ ಮೊಪೆಡ್ ನಿಲ್ಲುವ ಮೊದಲೇ ವಾಸನೆ ಒಳಗೆ ಬಂದಿರುತ್ತಿತ್ತು. ಹಳಸಿದ ಸಾರು, ಕೊಳೆತ ಈರುಳ್ಳಿ, ಬಿಸಿಲಿಗೆ ಒಡೆದ ಮಜ್ಜಿಗೆ ಎಲ್ಲ ಸೇರಿದ ವಾಸನೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹಿಂಬಾಗಿಲು ತೆರೆಯುತ್ತಿದ್ದೆ.

ಅವರು ಹರಿಹರದ ಆಚೆಯ ಸಾರಥಿ ಎಂಬ ಹಳ್ಳಿಯವರು. ಅಲ್ಲಿ ಒಂದು ಎಕರೆ ಪಪ್ಪಾಯಿ ಹಾಕಿದ್ದರು. ಅದರ ಗೊಬ್ಬರಕ್ಕೆಂದು ನಮ್ಮಂಥ ನಾಲ್ಕೈದು ಖಾನಾವಳಿಗಳ ಮುಸುರೆಯನ್ನು ದಿನವೂ ಎರಡು ನೀಲಿ ಡ್ರಮ್ಮುಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ನಾವೆಲ್ಲ ಮುಸುರೆ ಅಜ್ಜ ಎನ್ನುತ್ತಿದ್ದೆವು.

ಬಕೆಟ್ಟನ್ನು ಹಾಗೇ ಸುರಿದುಕೊಂಡು ಹೋಗಿದ್ದರೆ ನನಗೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಅವರು ತೋಳು ಮೇಲೇರಿಸಿ, ಕೈ ಇಳಿಬಿಟ್ಟು, ತಳದಿಂದ ಕಲಸುತ್ತಿದ್ದರು, ನಾವು ತಟ್ಟೆಯಲ್ಲಿ ಅನ್ನ ಸಾರು ಕಲಸುವ ಹಾಗೆಯೇ. ಗುಟ್ಕಾ ಚೀಟಿ, ಹಾಲಿನ ಪ್ಯಾಕೆಟ್ಟಿನ ತುದಿ, ಹಲ್ಲುಕಡ್ಡಿ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಒಂದು ದಿನ ಮಗುವಿನ ಡೈಪರ್ ಬಂತು. ಯಾರೋ ಗಿರಾಕಿ ಹಾಕಿದ್ದು. ಅವರು ಅದನ್ನು ಪಕ್ಕಕ್ಕಿಟ್ಟು, ಏನೂ ಆಗಿಲ್ಲವೆಂಬಂತೆ, “ಉಪ್ಪಿನಕಾಯಿ ಬ್ಯಾರೆ ಇಡ್ರಿ ಅಕ್ಕಾರೆ, ಉಪ್ಪು ಬೇರು ಸುಡ್ತೈತೆ,” ಎಂದರು.

ಚಹಾ ಕೊಡುತ್ತಿದ್ದೆ, ಪೇಪರ್ ಕಪ್ಪಿನಲ್ಲಿ. ಬೇರೆಯವರಿಗೆಲ್ಲ ಗಾಜಿನ ಲೋಟ. ಅವರು ಕುಡಿದ ಕಪ್ಪನ್ನು ಡ್ರಮ್ಮಿಗೆ ಹಾಕದೆ ಜೇಬಿಗೆ ಸೇರಿಸುತ್ತಿದ್ದರು. “ಒಳಗ ಪ್ಲಾಸ್ಟಿಕ್ ಐತ್ರಿ. ಭೂಮಿ ತಿನ್ನಲ್ಲ.”

ಒಮ್ಮೆ ಹರಿಹರದ ದೇವಸ್ಥಾನಕ್ಕೆ ಹೋದವಳು ಅವರ ಒತ್ತಾಯಕ್ಕೆ ಸಾರಥಿಗೂ ಹೋದೆ. ಅಜ್ಜ ಮೊದಲು ತೋರಿಸಿದ್ದು ಹಣ್ಣನ್ನಲ್ಲ, ಗುಂಡಿಯನ್ನು. ಮೇಲಿನ ತಗಡು ಸರಿಸಿದಾಗ ಇಡೀ ಗುಂಡಿ ಮಿಸುಕಾಡುತ್ತಿತ್ತು. ನಮ್ಮ ರೊಟ್ಟಿಯ ತುಂಡುಗಳ ಮೇಲೆ, ಒಳಗೆ, ಕೆಳಗೆ, ಬೂದು ಬಣ್ಣದ ದಪ್ಪ ಹುಳಗಳು. ಅವರು ಬೊಗಸೆ ತುಂಬ ಎತ್ತಿ ನನ್ನ ಮುಂದೆ ಹಿಡಿದರು.

“ನೋಡ್ರಿ, ಮೊನ್ನಿನ ನಿಮ್ಮ ಎಣ್ಣೆಗಾಯಿ!”

ನಾನು ಪಪ್ಪಾಯಿ ಗಿಡದ ಬುಡದಲ್ಲೇ ವಾಂತಿ ಮಾಡಿಕೊಂಡೆ. ಅಜ್ಜಿ ಚೊಂಬಿನಲ್ಲಿ ನೀರು ತಂದರು. ಅಜ್ಜ ಕಾಲಿನಿಂದ ಅದರ ಮೇಲೆ ಮಣ್ಣು ಎಳೆದು, “ನಾಚ್ಕೋಬ್ಯಾಡ್ರಿ, ಇದೂ ಗೊಬ್ಬರನೇ,” ಎಂದರು. ಗಂಡ ಹೆಂಡತಿ ಇಬ್ಬರೂ ನಕ್ಕರು. ಆಮೇಲೆ ಐದು ತಿಂಗಳು ಮಾಗಿದ ಗೊಬ್ಬರ ತೋರಿಸಿದರು. ಅದರಲ್ಲಿ ವಾಸನೆಯೇ ಇರಲಿಲ್ಲವಂತೆ. ನಾನು ಬಗ್ಗಿ ನೋಡಲಿಲ್ಲ. ಹಣ್ಣು ಹೆಚ್ಚಿ ಕೊಟ್ಟಾಗ ಇವತ್ತು ಉಪವಾಸ ಎಂದು ಸುಳ್ಳು ಹೇಳಿದೆ. ಚೀಲಕ್ಕೆ ಹಾಕಿಕೊಟ್ಟ ಎರಡು ಹಣ್ಣನ್ನು ಹರಿಹರ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳಿಗೆ ಕೊಟ್ಟು ಬಸ್ಸು ಹತ್ತಿದೆ.

ಅದಾಗಿ ಕೆಲವು ತಿಂಗಳಿಗೆ, ಒಂದು ಭಾನುವಾರದ ಊಟದ ಗದ್ದಲದಲ್ಲಿ, ನನ್ನ ಕೈಯಿಂದ ಗಾಜಿನ ಲೋಟ ಜಾರಿ ಒಡೆಯಿತು. ಗುಡಿಸಿ ಮುಸುರೆ ಬಕೆಟ್ಟಿಗೆ ಹಾಕಿದೆ. ಹೇಗೂ ಅಜ್ಜ ಒಯ್ಯುತ್ತಾರಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೂ ಯೋಚಿಸಲಿಲ್ಲ.

ಅವರು ಕೈ ಇಳಿಸಿದ್ದು ನನ್ನ ಕಣ್ಣೆದುರೇ. ತಕ್ಷಣ ಹೊರಗೆಳೆದರು. ಹೆಬ್ಬೆರಳ ಬುಡದಲ್ಲಿ ಚೂರು ನೆಟ್ಟಿತ್ತು. ರಕ್ತವೂ ಹಳಸಿದ ಸಾರೂ ಕೂಡಿ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

“ಯಾರು ಹಾಕಿದ್ರಿ ಗಾಜು?”

“ಅಡಿಗೆಯೋರು ಯಾರೋ ಇರ್ಬೇಕು ಅಜ್ಜ.”

“ಬೈಬ್ಯಾಡ್ರಿ ಅವ್ರಿಗೆ. ಕೈ ಮಾಯ್ತೈತೆ. ತೋಟಕ್ಕ ಹೋಗಿದ್ರ ಕಷ್ಟ ಇತ್ತು, ನಮ್ಮಾಕಿ ಬರಿಗಾಲಾಗ ಓಡಾಡ್ತಾಳ.”

ಚೂರು ಕಿತ್ತು ಎಸೆದು, ಎಡಗೈ ಇಳಿಸಿ, ಉಳಿದ ಗಾಜನ್ನೆಲ್ಲ ಹುಡುಕಿ ತೆಗೆದರು. ನಾನು ಆ ಕೈಯನ್ನು ಮುಟ್ಟಲಿಲ್ಲ. ದೂರದಿಂದ ಚೊಂಬೆತ್ತಿ ನೀರು ಹುಯ್ದೆ. ಆಗಲೂ ಉಸಿರು ಬಿಗಿ ಹಿಡಿದಿದ್ದೆ.

ಕೈ ಮಾಯಲಿಲ್ಲ. ಅವರಿಗೆ ಶುಗರ್ ಇತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ನಮ್ಮ ಖಾನಾವಳಿಯಿಂದ ನಡೆದು ಹೋಗುವಷ್ಟು ದೂರ, ನಾನು ಹೋಗಲಿಲ್ಲ. ತಿಂಗಳಾದ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಬಂದರು. ಈಗ ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಗ್ಲೌಸ್ ತಂದುಕೊಟ್ಟೆ. “ಇದನ್ನ ಹಾಕಿದ್ರ ಕೈಗೆ ಏನೂ ತಿಳಿಯಲ್ರಿ,” ಎಂದು ಮಡಚಿ ಇಟ್ಟುಕೊಂಡರು. ಗಾಯ ಮತ್ತೆ ಬಾಯಿ ತೆರೆಯಿತು, ಕೀವಾಯಿತು, ನಂಜು ಮೈಗೆ ಏರಿತು. ಈ ಸಲದ ಮಳೆಗಾಲಕ್ಕೆ ಮೊದಲೇ ಅವರು ಹೋದರು.

ಸಾರಥಿಗೆ ಹೋಗಿ ಅಜ್ಜಿಯ ಮುಂದೆ ಕೂತು ಹೇಳಿದೆ, ಗಾಜು ಹಾಕಿದ್ದು ನಾನೇ ಎಂದು. ಅವರು ಅಳುತ್ತಾರೆ, ಬಯ್ಯುತ್ತಾರೆ, ಇಲ್ಲವೇ ಹೋಗಲಿ ಬಿಡು ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಮುಖ ಕಿವುಚಿ, ಕೂತಲ್ಲೇ ಸ್ವಲ್ಪ ಹಿಂದಕ್ಕೆ ಸರಿದರು. ಹುಳ ಕಂಡಂತೆ.

“ಹೇಳಿ ನೀವು ಹಗುರ ಆದ್ರಿ. ಹೋಗ್ರಿ ಇನ್ನ.”

ಎದ್ದು ಬೇಲಿ ದಾಟುವಷ್ಟರಲ್ಲಿ ಹಿಂದಿನಿಂದ ದನಿ ಬಂತು. “ಮುಸುರೆ ಚೆಲ್ಲಬ್ಯಾಡ್ರಿ. ಗಿಡ ಕಾಯಿ ಹಿಡ್ದಾವ. ನನ್ನ ತಮ್ಮ ಬಂದು ಒಯ್ತಾನ.”

ಈಗ ಅವರ ತಮ್ಮ ಬರುತ್ತಾರೆ. ಅವರು ಬರುವ ಮೊದಲು ನಾನು ಬಕೆಟ್ಟನ್ನು ದೊಡ್ಡ ಪರಾತಕ್ಕೆ ಸುರಿದು, ಬರಿಗೈಯಲ್ಲಿ ತಳದವರೆಗೂ ಕಲಸಿ ಹುಡುಕುತ್ತೇನೆ. ಹೇಸಿಗೆ ಹೋಗಿಲ್ಲ, ದಿನವೂ ಗಂಟಲಿಗೆ ಬರುತ್ತದೆ. ಹೋದ ವಾರ ಬದನೆಕಾಯಿ ತೊಟ್ಟುಗಳ ನಡುವೆ ಒಂದು ಸೇಫ್ಟಿ ಪಿನ್ ಸಿಕ್ಕಿತು, ಬಿಚ್ಚಿಕೊಂಡಿದ್ದು.